ವಾರ್ಡ್ ನಂಬರ್ 4ರ ಪಕ್ಕದ ಕೋಣೆ: ಅರುಣಾ ಶಾನಭಾಗ ಪ್ರಕರಣ

ಹೊನ್ನಾವರದಿಂದ ಕುಮಟಾ ಕಡೆ ಹೆದ್ದಾರಿಯಲ್ಲಿ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಹಳದೀಪುರ ಸಿಗುತ್ತದೆ. ಬಸ್ಸಿನಲ್ಲಿ ಕೂತವರು ಎಷ್ಟೋ ಸಲ ಊರ ಹೆಸರನ್ನೂ ನೋಡದೆ ದಾಟಿಬಿಡುತ್ತಾರೆ. ಭಾರತದಲ್ಲಿ ದಯಾಮರಣದ ಬಗ್ಗೆ ಯಾರೇ ಮಾತಾಡಲಿ, ಈ ಊರಿನ ಒಬ್ಬ ಹೆಣ್ಣುಮಗಳ ಹೆಸರು ಎತ್ತದೆ ಮುಗಿಸುವ ಹಾಗಿಲ್ಲ. ಅರುಣಾ ರಾಮಚಂದ್ರ ಶಾನಭಾಗ. ಹುಟ್ಟಿದ್ದು 1948ರ ಜೂನ್ 1ರಂದು. ಕೋರ್ಟಿನ ಕಾಗದ, ಇಂಗ್ಲಿಷ್ ಪತ್ರಿಕೆಗಳ ದೆಸೆಯಿಂದ ಅವರು ‘ಶಾನ್‌ಬಾಗ್’ ಆದರು. ನಮ್ಮ ಕಡೆ ಶಾನಭಾಗರು ಅಂದರೆ ಊರಿನ ಲೆಕ್ಕ ಬರೆಯುವವರು. ಈ ಪ್ರಕರಣದಲ್ಲಿ ಅವರ ಲೆಕ್ಕ ಬರೆದವರೆಲ್ಲ ಬೇರೆಯವರೇ.

ಆ ಕಾಲದಲ್ಲಿ ಕರಾವಳಿಯ ಎಷ್ಟೋ ಹುಡುಗ ಹುಡುಗಿಯರು ಕೆಲಸಕ್ಕೆ ಮುಂಬಯಿ ಹಾದಿ ಹಿಡಿದ ಹಾಗೆ ಅರುಣಾ ಕೂಡ ಹೋದರು. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆದರು. ಅದೇ ಆಸ್ಪತ್ರೆಯ ಡಾಕ್ಟರೊಬ್ಬರ ಜೊತೆ ಮದುವೆಯೂ ಗೊತ್ತಾಗಿತ್ತು. 1973ರ ನವೆಂಬರ್ 27ರ ಸಂಜೆ ಡ್ಯೂಟಿ ಮುಗಿಸಿ ಬಟ್ಟೆ ಬದಲಿಸಲು ಕಟ್ಟಡದ ನೆಲಮಾಳಿಗೆಗೆ ಇಳಿದರು. ಅಲ್ಲಿ ಆಸ್ಪತ್ರೆಯದೇ ಒಬ್ಬ ಸ್ವೀಪರ್ ನಾಯಿ ಕಟ್ಟುವ ಸರಪಳಿಯನ್ನು ಅವರ ಕುತ್ತಿಗೆಗೆ ಬಿಗಿದು ಎಳೆದ. ಲೈಂಗಿಕ ದೌರ್ಜನ್ಯ ಎಸಗಿ ಓಡಿಹೋದ. ಮಿದುಳಿಗೆ ರಕ್ತ, ಆಮ್ಲಜನಕ ಹೋಗುವುದು ನಿಂತಿತ್ತು. ಮರುದಿನ ಬೆಳಿಗ್ಗೆ ಏಳೂ ಮುಕ್ಕಾಲಿಗೆ ಕ್ಲೀನಿಂಗ್‌ಗೆ ಬಂದವರು ನೋಡುವವರೆಗೆ ಅವರು ಅಲ್ಲೇ ನೆಲದ ಮೇಲೆ ಬಿದ್ದಿದ್ದರು. ವಯಸ್ಸು ಇಪ್ಪತ್ತೈದು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಮುಂದಿನ ನಾಲ್ಕು ದಶಕದ ಕಥೆಯೆಲ್ಲ ಅದರಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಪೊಲೀಸ್ ಕೇಸ್ ದಾಖಲಾದದ್ದು ಕೊಲೆ ಯತ್ನ ಮತ್ತು ದರೋಡೆ ಅಂತ. ಲೈಂಗಿಕ ದೌರ್ಜನ್ಯದ ಮಾತು ಕೇಸಿನಲ್ಲಿ ಬರಲಿಲ್ಲ. ಮದುವೆ ಗೊತ್ತಾದ ಹುಡುಗಿ, ನಾಳೆ ಎದ್ದು ಕೂತರೆ ಸಮಾಜ ಏನೆಂದೀತು ಅನ್ನುವ ಕಾಳಜಿಯಿಂದ ಆಸ್ಪತ್ರೆಯವರು ಹಾಗೆ ಮಾಡಿದರು ಅಂತ ಆಮೇಲಿನ ಬರಹಗಳು ಹೇಳುತ್ತವೆ. ಅಪರಾಧಿಗೆ ಏಳು ವರ್ಷ ಶಿಕ್ಷೆಯಾಯಿತು. ಮುಗಿಸಿಕೊಂಡು ಹೊರಗೆ ಬಂದ. ಅಂದರೆ ಅರುಣಾ ಅವರ ಪರವಾಗಿ, ಅವರ ಒಳ್ಳೆಯದಕ್ಕೇ ಅಂತ, ಬೇರೆಯವರು ತೆಗೆದುಕೊಂಡ ಮೊದಲ ತೀರ್ಮಾನ ಇದು. ಉದ್ದೇಶ ಕೆಟ್ಟದ್ದಲ್ಲ. ಫಲ ಮಾತ್ರ ಅಪರಾಧಿಗೇ ಸಿಕ್ಕಿತು.

ಮೂವತ್ತೇಳು ವರ್ಷದ ಆರೈಕೆ

ವಾರ್ಡ್ ನಂಬರ್ 4ಕ್ಕೆ ಹೊಂದಿಕೊಂಡ ಒಂದು ಸಣ್ಣ ಕೋಣೆ. ಅಲ್ಲಿ ಒಂದು ಮಂಚ. ಕಣ್ಣು ಚೆನ್ನಾಗಿದ್ದರೂ ಮಿದುಳಿನ ದೃಷ್ಟಿಯ ಭಾಗ ಹಾಳಾಗಿತ್ತು, ಹಾಗಾಗಿ ಕಾಣುತ್ತಿರಲಿಲ್ಲ. ಮಾತಿಲ್ಲ. ಕೈ ಮಣಿಕಟ್ಟು ಒಳಕ್ಕೆ ಮಡಚಿಕೊಂಡು, ಮಂಡಿ ಸೆಟೆದುಕೊಂಡು ಮಲಗಿರುತ್ತಿದ್ದರು. ಉಸಿರಾಟಕ್ಕೆ ಯಂತ್ರ ಬೇಕಿರಲಿಲ್ಲ. ತಿನ್ನಿಸಿದರೆ ನುಂಗುತ್ತಿದ್ದರು. 1980ರ ದಶಕದಲ್ಲಿ ಪಾಲಿಕೆಯವರು ಅವರನ್ನು ಅಲ್ಲಿಂದ ಬೇರೆಡೆ ಸಾಗಿಸಲು ನೋಡಿದಾಗ ನರ್ಸ್‌ಗಳು ಪ್ರತಿಭಟನೆಗೆ ಇಳಿದರು. ಪಾಲಿಕೆ ಹಿಂದೆ ಸರಿಯಿತು.

ಒಂದು ತಲೆಮಾರಿನ ನರ್ಸ್‌ಗಳು ರಿಟೈರ್ ಆದರು. ಹೊಸಬರು ಬಂದರು. ಅರುಣಾ ಅವರ ಜೊತೆ ಒಂದು ದಿನವೂ ಕೆಲಸ ಮಾಡದ ಹುಡುಗಿಯರು ಅವರ ತಲೆ ಬಾಚಿದರು, ಮೈ ಒರೆಸಿದರು, ಜೂನ್ 1ಕ್ಕೆ ಹುಟ್ಟುಹಬ್ಬ ಮಾಡಿದರು. ಇಷ್ಟು ವರ್ಷ ಮಲಗಿದ್ದರೂ ಅವರ ಮೈಮೇಲೆ ಒಂದೇ ಒಂದು ಬೆಡ್ ಸೋರ್, ಅಂದರೆ ಮಲಗಿ ಮಲಗಿ ಆಗುವ ಹುಣ್ಣು, ಇರಲಿಲ್ಲ. ಹಾಸಿಗೆ ಹಿಡಿದವರನ್ನು ನೋಡಿಕೊಂಡವರಿಗೆ ಮಾತ್ರ ಈ ಒಂದು ವಾಕ್ಯದ ತೂಕ ಗೊತ್ತು. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಗಲೂ ಅಷ್ಟೇ, ರಾತ್ರಿಯೂ ಅಷ್ಟೇ. 2011ರ ತೀರ್ಪಿನವರೆಗೇ ಮೂವತ್ತೇಳು ವರ್ಷ.

ಅರ್ಜಿ

ಪತ್ರಕರ್ತೆ ಪಿಂಕಿ ವಿರಾನಿ ಅರುಣಾ ಬಗ್ಗೆ 1998ರಲ್ಲೇ ಒಂದು ಪುಸ್ತಕ ಬರೆದಿದ್ದರು. 2009ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದರು. ಅರುಣಾ ಪರವಾಗಿ ಮಾತಾಡುವ ‘ಆಪ್ತ ಸ್ನೇಹಿತೆ’ ಅಂತ ತಮ್ಮನ್ನು ಕರೆದುಕೊಂಡರು. ಇದನ್ನು ಬದುಕು ಅನ್ನಲಾಗದು, ಮೂಳೆ ಮುಟ್ಟಿದರೆ ಮುರಿಯುವ ಹಾಗಿದೆ, ಇನ್ನು ಸಾಕು, ಆಹಾರ ಕೊಡುವುದನ್ನು ನಿಲ್ಲಿಸಲು ಆಸ್ಪತ್ರೆಗೆ ಹೇಳಿ, ಶಾಂತಿಯಿಂದ ಹೋಗಲಿ. ಅರ್ಜಿಯ ಸಾರ ಇಷ್ಟು.

ವಿರಾನಿಯವರನ್ನು ಖಳನಾಯಕಿ ಮಾಡಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಆ ಕೋಣೆಯೊಳಗೆ ಯಾವ ನರಳಾಟ ಇದ್ದಿರಬಹುದು ಅಂತ ಹೊರಗಿನ ಜಗತ್ತಿಗೆ ಕೇಳುವ ಹಾಗೆ ಹೇಳಿದವರು ಅವರೇ. ನಾವು ಮನೆಯಲ್ಲಿ ಹಿರಿಯರೊಬ್ಬರು ನರಳುವಾಗ ದೇವರ ಮುಂದೆ ನಿಂತು ಬೇಡಿಕೊಳ್ಳುವುದನ್ನೇ ಅವರು ಕೋರ್ಟಿನ ಮುಂದೆ ನಿಂತು ಬೇಡಿದರು. ‘ಅನಾಯಾಸೇನ ಮರಣಂ’ ಅಂತ ದಿನಾ ಕೈಮುಗಿಯುವ ಮನೆಗಳಲ್ಲೇ ಅವರಿಗೆ ಹೆಚ್ಚು ಬೈಗುಳ ಬಿತ್ತು ಅನ್ನುವುದು ಬೇರೆ ಮಾತು.

ಆಸ್ಪತ್ರೆ ಇದಕ್ಕೆ ಪೂರ್ತಿ ಎದುರು ನಿಂತಿತು. ಅವರು ಊಟ ತೆಗೆದುಕೊಳ್ಳುತ್ತಾರೆ, ಇಷ್ಟವಾದರೆ ಮುಖದಲ್ಲಿ ಗೊತ್ತಾಗುತ್ತದೆ, ಮೀನು ಅಂದರೆ ಆಸೆ, ಜಾಸ್ತಿ ಜನ ಸೇರಿದರೆ ಕೂಗುತ್ತಾರೆ, ನಾವು ಕೊನೆ ಉಸಿರಿನವರೆಗೂ ನೋಡಿಕೊಳ್ಳುತ್ತೇವೆ ಅಂದಿತು.

2011ರ ಜನವರಿಯಲ್ಲಿ ಕೋರ್ಟ್ ಮೂವರು ಡಾಕ್ಟರರನ್ನು ನೇಮಿಸಿತು. ಒಬ್ಬರು ಮುಂಬಯಿಯ ಟಾಟಾ ಮೆಮೋರಿಯಲ್‌ನವರು, ಒಬ್ಬರು ನರರೋಗ ತಜ್ಞರು, ಒಬ್ಬರು ಮನೋವೈದ್ಯರು. ಅವರ ವರದಿ ಎರಡೂ ಕಡೆಯವರಿಗೆ ಅರ್ಧರ್ಧ ಸಮಾಧಾನ ಕೊಡುವ ಹಾಗಿತ್ತು. ಮಿದುಳು ಸತ್ತಿಲ್ಲ. ಕೋಮಾ ಕೂಡ ಅಲ್ಲ. ನಿದ್ದೆ, ಎಚ್ಚರ ಎರಡೂ ಇದೆ. ಆದರೆ ತನ್ನ ಸುತ್ತ ಏನಾಗುತ್ತಿದೆ ಅನ್ನುವ ಅರಿವು ಇದ್ದಂತಿಲ್ಲ. ವೈದ್ಯರು ‘ಪರ್ಸಿಸ್ಟೆಂಟ್ ವೆಜಿಟೇಟಿವ್ ಸ್ಟೇಟ್’ ಅನ್ನುವ ಸ್ಥಿತಿಯ ಹೆಚ್ಚಿನ ಲಕ್ಷಣಗಳು ಅವರಲ್ಲಿದ್ದವು. ಭಕ್ತಿಗೀತೆ ಹಾಕಿದರೆ ಶಾಂತವಾಗುತ್ತಾರೆ ಅಂತ ಸಿಬ್ಬಂದಿ ಹೇಳಿದ್ದನ್ನೂ ವರದಿ ಬರೆದುಕೊಂಡಿತು.

ಡಾಕ್ಟರರು ಪರೀಕ್ಷೆಯ ವಿಡಿಯೋ ಸಿ.ಡಿ.ಯನ್ನೂ ಕೊಟ್ಟಿದ್ದರು. ಮಾರ್ಚ್ 2ರಂದು ಅದನ್ನು ಕೋರ್ಟ್ ಹಾಲಿನಲ್ಲೇ, ಅಲ್ಲಿದ್ದವರೆಲ್ಲ ನೋಡುವ ಹಾಗೆ, ಪರದೆ ಮೇಲೆ ಹಾಕಲಾಯಿತು. ಅದಕ್ಕೆ ಎರಡನೇ ಮಹಾಯುದ್ಧದ ನಂತರ ನಾಜಿಗಳ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯ ಪೂರ್ವನಿದರ್ಶನವನ್ನು ತೀರ್ಪು ಹೆಸರಿಸುತ್ತದೆ. ತೀರ್ಪು ಓದುತ್ತಾ ನಾನು ಈ ಸಾಲಿನ ಹತ್ತಿರ ನಿಂತುಬಿಟ್ಟೆ. ಮಾನ ಮುಚ್ಚಬೇಕು ಅಂತ 1973ರಲ್ಲಿ ಅವರ ಮೇಲಾದ ದೌರ್ಜನ್ಯವನ್ನು ಕಾಗದದಿಂದ ಮರೆಮಾಡಿದ್ದರು. 2011ರಲ್ಲಿ ನ್ಯಾಯ ಕೊಡಬೇಕು ಅಂತ ಅವರ ಹಾಸಿಗೆಯನ್ನೇ ಪರದೆ ಮೇಲೆ ತಂದರು. ಎರಡೂ ಸಲ ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಅವರಿರಲಿಲ್ಲ.

ತೀರ್ಪು

2011ರ ಮಾರ್ಚ್ 7. ನ್ಯಾಯಮೂರ್ತಿ ಮಾರ್ಕಂಡೇಯ ಕಟ್ಜು, ನ್ಯಾಯಮೂರ್ತಿ ಜ್ಞಾನ ಸುಧಾ ಮಿಶ್ರಾ ಅವರ ಪೀಠ. ತೀರ್ಪು ಶುರುವಾಗುವುದು ಗಾಲಿಬ್‌ನ ಶೇರ್‌ನಿಂದ: ಸಾಯುವ ಆಸೆಯಲ್ಲೇ ಸಾಯುತ್ತಿದ್ದೇನೆ, ಸಾವು ಬರುತ್ತದೆ, ಆದರೂ ಬರುವುದಿಲ್ಲ ಅನ್ನುವ ಅರ್ಥದ್ದು. ಸುಂದರವಾದ ಸಾಲು, ನಿಜ. ಆದರೆ ಸಾಯುವ ಆಸೆ ಅರುಣಾ ಅವರಿಗಿತ್ತು ಅಂತ ಯಾರಿಗೆ ಗೊತ್ತು?

ಕೋರ್ಟ್ ಎರಡು ಕೆಲಸ ಮಾಡಿತು. ಒಂದು, ವಿರಾನಿಯವರ ಅರ್ಜಿ ತಿರಸ್ಕರಿಸಿತು. ಅವರ ಸಾಮಾಜಿಕ ಕಳಕಳಿಯನ್ನು ಮೆಚ್ಚಿಕೊಂಡಿತು, ಆದರೆ ಅರುಣಾ ಅವರ ನಿಜವಾದ ಆಪ್ತರು ಕೆಇಎಂ ಸಿಬ್ಬಂದಿ, ಅವರು ಬದುಕಲಿ ಅಂತಿದ್ದಾರೆ, ಹಾಗಾಗಿ ಬದುಕಲಿ ಅಂದಿತು. ಮುಂದೆ ಎಂದಾದರೂ ಸಿಬ್ಬಂದಿಯ ಮನಸ್ಸು ಬದಲಾದರೆ ಬಾಂಬೆ ಹೈಕೋರ್ಟಿಗೆ ಹೋಗಬಹುದು ಅಂತಲೂ ಹೇಳಿತು. ಎರಡು, ಪಾರ್ಲಿಮೆಂಟ್ ಕಾನೂನು ಮಾಡುವವರೆಗೆ ಅಂತ ಹೇಳಿ, ‘ನಿಷ್ಕ್ರಿಯ ದಯಾಮರಣ’ಕ್ಕೆ ದಾರಿ ತೆರೆಯಿತು. ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸಬಹುದು. ತಂದೆತಾಯಿ, ಗಂಡ ಅಥವಾ ಹೆಂಡತಿ, ಹತ್ತಿರದ ಬಂಧುಗಳು ಅಥವಾ ಆಪ್ತರು ಕೇಳಬಹುದು, ಡಾಕ್ಟರರೂ ಕೇಳಬಹುದು. ಆದರೆ ಹೈಕೋರ್ಟಿನ ಕನಿಷ್ಠ ಇಬ್ಬರು ನ್ಯಾಯಮೂರ್ತಿಗಳ ಪೀಠ ಒಪ್ಪಬೇಕು. ಯಾಕೆ ಇಷ್ಟು ಬಿಗಿ? ಆಸ್ತಿಗೋಸ್ಕರ ಬಂಧುಗಳು ಡಾಕ್ಟರ ಜೊತೆ ಸೇರಿ ಮುಗಿಸಿಬಿಟ್ಟಾರು ಅನ್ನುವ ಭಯ. ನಮ್ಮಲ್ಲಿ ಪಹಣಿ ಜಗಳ ನೋಡಿದವರು ಯಾರೂ ಈ ಭಯವನ್ನು ಸುಳ್ಳು ಅನ್ನಲಾರರು.

ಇಂಜೆಕ್ಷನ್ ಕೊಟ್ಟು ಸಾಯಿಸುವುದು ಆಗಲೂ ಅಪರಾಧ, ಈಗಲೂ ಅಪರಾಧ. ‘ದಯಾಮರಣ ಕಾನೂನುಬದ್ಧ’ ಅಂತ ಹೆಡ್‌ಲೈನ್ ನೋಡಿ ಎಷ್ಟೋ ಜನ ಇದನ್ನೇ ತಪ್ಪು ತಿಳಿದರು.

ತೀರ್ಪಿನ ದಿನ ಕೆಇಎಂ ನರ್ಸ್‌ಗಳು ಸಿಹಿ ಹಂಚಿದರು.

ಆ ಒಂದು ಚಮಚ

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಅರುಣಾ ಅವರಿಗೆ ಕೋರ್ಟ್ ಕೊಟ್ಟ ಉತ್ತರ ಸರಿ. ಕೊಟ್ಟ ಕಾರಣ ಮಾತ್ರ ಪೂರ್ತಿ ಸರಿಯಿಲ್ಲ.

ಉತ್ತರ ಯಾಕೆ ಸರಿ ಅಂದರೆ, ನಿಲ್ಲಿಸಿ ಅಂತ ಕೇಳಿದ್ದು ಯಾವುದನ್ನ? ವೆಂಟಿಲೇಟರ್ ಇರಲಿಲ್ಲ. ಡಯಾಲಿಸಿಸ್ ಇರಲಿಲ್ಲ. 2010ರ ಸೆಪ್ಟೆಂಬರ್ ನಡುವಿನವರೆಗೂ ಅವರು ಬಾಯಿಂದಲೇ ಮೆತ್ತಗಿನ ಊಟ ಮಾಡುತ್ತಿದ್ದರು. ಆಮೇಲೆ ಮಲೇರಿಯಾ ಬಂದು ಊಟ ಕಮ್ಮಿಯಾಗಿ, ಮೂಗಿನಿಂದ ಹೊಟ್ಟೆಗೆ ಆಹಾರ ಇಳಿಸುವ ರೈಲ್ಸ್ ಟ್ಯೂಬ್ ಹಾಕಿದರು. ಅರ್ಜಿ ಬಂದದ್ದು 2009ರಲ್ಲಿ. ಅಂದರೆ ಆಗ ನಿಲ್ಲಿಸಬೇಕಾಗಿದ್ದದ್ದು ಒಬ್ಬ ನರ್ಸಿನ ಕೈಯಲ್ಲಿದ್ದ ಚಮಚವನ್ನ. ಇಂಗ್ಲೆಂಡಿನಲ್ಲಿ 1993ರಲ್ಲಿ ಟೋನಿ ಬ್ಲಾಂಡ್ ಅನ್ನುವ ಹುಡುಗನ ಪ್ರಕರಣ ನಡೆದಿತ್ತು. ಫುಟ್‌ಬಾಲ್ ಸ್ಟೇಡಿಯಂನ ನೂಕುನುಗ್ಗಲಿನಲ್ಲಿ ಜಜ್ಜಿಹೋಗಿ ಇದೇ ಸ್ಥಿತಿಗೆ ಬಂದವನು. ಟ್ಯೂಬಿನಲ್ಲಿ ಕೊಡುವ ಆಹಾರವೂ ಚಿಕಿತ್ಸೆಯೇ, ಹಾಗಾಗಿ ನಿಲ್ಲಿಸಬಹುದು ಅಂತ ಅಲ್ಲಿ ತೀರ್ಪಾಯಿತು. ನಮ್ಮ ಕೋರ್ಟ್ ಆ ತೀರ್ಪನ್ನು ವಿಸ್ತಾರವಾಗಿ ಚರ್ಚಿಸಿದೆ. ಟ್ಯೂಬ್ ಚಿಕಿತ್ಸೆ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ತುಟಿಗೆ ತಂದ ಮೀನಿನ ಸಾರು ಚಿಕಿತ್ಸೆಯಲ್ಲ, ಊಟ. ಬಾಯಿ ತೆರೆದವರ ಮುಂದಿನಿಂದ ಊಟ ಎತ್ತಿಟ್ಟುಬಿಡಿ ಅಂತ ಒಬ್ಬ ನರ್ಸಿಗೆ ಆರ್ಡರ್ ಕೊಡಲು ಯಾವ ಕೋರ್ಟಿಗೆ ತಾನೇ ಮನಸ್ಸು ಬಂದೀತು? ದಿನಗಟ್ಟಲೆ ನೋಡುತ್ತಾ ನಿಲ್ಲಬೇಕಾದವಳು ಅವಳು.

ಕಾರಣದ ಬಗ್ಗೆ ನನ್ನ ತಕರಾರು ಇದು. ಈಗ ಇದನ್ನು ನಿಲ್ಲಿಸಿದರೆ ಇಷ್ಟು ವರ್ಷ ನರ್ಸ್‌ಗಳು ಪಟ್ಟ ಶ್ರಮವೆಲ್ಲ ವ್ಯರ್ಥವಾದಂತೆ ಅನ್ನುವ ಧಾಟಿಯ ಮಾತೂ ತೀರ್ಪಿನಲ್ಲಿದೆ. ಶ್ರಮ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರಶ್ನೆ ಇದ್ದದ್ದು ಮಲಗಿದವರದ್ದು. ನೋಡಿಕೊಂಡವರ ಶ್ರಮ ಎಷ್ಟು ಅನ್ನುವುದು ಮಲಗಿದವರಿಗೆ ಏನು ಬೇಕು ಅನ್ನುವುದಕ್ಕೆ ಉತ್ತರ ಹೇಗಾಗುತ್ತದೆ? ನರ್ಸ್‌ಗಳಿಗೆ ಅರುಣಾ ಮೇಲೆ ಪ್ರೀತಿ ಇತ್ತು. ಜೊತೆಗೆ ಅರುಣಾ ಆ ನರ್ಸ್‌ಗಳ ಮಟ್ಟಿಗೆ ಇನ್ನೂ ಏನೋ ಆಗಿದ್ದರು. ಡ್ಯೂಟಿಯಲ್ಲಿದ್ದಾಗ ತಮ್ಮಲ್ಲೊಬ್ಬಳಿಗೆ ಆದ ಅನ್ಯಾಯವನ್ನು ಮರೆಯಲು ಬಿಡದ ಗುರುತು. ಅಂಥ ಗುರುತನ್ನು ಕಳೆದುಕೊಳ್ಳುವುದು ಕಷ್ಟ. ಇದನ್ನು ನಾನು ಅವರನ್ನು ಆಡಿಕೊಳ್ಳಲು ಹೇಳುತ್ತಿಲ್ಲ. ಮನೆಯವರದೂ ಹೀಗೇ ಅಲ್ವಾ? ಹಾಸಿಗೆ ಹಿಡಿದವರನ್ನು ನಾವು ಉಳಿಸಿಕೊಳ್ಳುವುದು ಎಷ್ಟು ಅವರಿಗಾಗಿ, ಎಷ್ಟು ನಮಗಾಗಿ ಅಂತ ಬಿಡಿಸಿ ಹೇಳಲು ಯಾರಿಗೂ ಬರುವುದಿಲ್ಲ.

ನಮ್ಮ ದೊಡ್ಡಮ್ಮನ ಮಾತು ಇಲ್ಲಿ ಹೇಳಲೇಬೇಕು. ಸ್ಟ್ರೋಕ್ ಆಗಿ ಹನ್ನೊಂದು ತಿಂಗಳು ಮಲಗಿದ್ದರು. ಆಸ್ಪತ್ರೆಯಲ್ಲಿ ಹದಿನೆಂಟು ದಿನ ಆದ ಮೇಲೆ ಡಾಕ್ಟರ್ ಅಣ್ಣನನ್ನು ಪಕ್ಕಕ್ಕೆ ಕರೆದು, “ಇನ್ನು ಮನೆಗೆ ಕರ್ಕೊಂಡು ಹೋಗಿ” ಅಂದರು. ಕನ್ನಡದಲ್ಲಿ ನಿಷ್ಕ್ರಿಯ ದಯಾಮರಣಕ್ಕೆ ಇರುವ ನಿಜವಾದ ಹೆಸರು ಇದೇ. ಮನೆಗೆ ಕರ್ಕೊಂಡು ಹೋಗಿ. ಯಾವ ಹೈಕೋರ್ಟೂ ಇಲ್ಲ, ಮೂವರು ಡಾಕ್ಟರರ ಬೋರ್ಡೂ ಇಲ್ಲ. ಬಿಲ್ ಕಟ್ಟಿ, ಒಂದು ಕಾಗದಕ್ಕೆ ಸಹಿ ಹಾಕಿ, ಆಂಬುಲೆನ್ಸ್ ಹತ್ತಿಸಿದರೆ ಆಯಿತು. ವೆಂಟಿಲೇಟರ್‌ನಲ್ಲಿದ್ದವರನ್ನೂ ಹೀಗೆ ಕರೆತಂದು, ಅಂಗಳ ಮುಟ್ಟುವ ಮೊದಲೇ ಮುಗಿದುಹೋದ ಮನೆಗಳು ನಮ್ಮ ಊರಲ್ಲೇ ಇವೆ. ಅದನ್ನು ಯಾರೂ ದಯಾಮರಣ ಅನ್ನುವುದಿಲ್ಲ. ದುಡ್ಡು ಮುಗಿಯಿತು ಅಂತಾರೆ, ಅಷ್ಟೇ.

ದೊಡ್ಡಮ್ಮ ಮೂಗಿನಲ್ಲಿ ಪೈಪ್ ಹಾಕಿಸಿಕೊಂಡೇ ಬಂದರು. ದೊಡ್ಡ ಸಿರಿಂಜಿಗೆ ಗಂಜಿ ತಿಳಿ ತುಂಬಿ ಎತ್ತಿ ಹಿಡಿದರೆ ಅದು ತಾನಾಗೇ ನಿಧಾನಕ್ಕೆ ಇಳಿಯುತ್ತಿತ್ತು. ಆಮೇಲೆ ಪೈಪ್ ಕಟ್ಟದ ಹಾಗೆ ಸ್ವಲ್ಪ ನೀರು. ಮೂರನೇ ತಿಂಗಳಿಗೆ ಸೊಂಟದ ಹತ್ತಿರ ಹುಣ್ಣಾಯಿತು, ಗಾಳಿ ಹಾಸಿಗೆ ತಂದರೂ ವಾಸಿಯಾಗಲಿಲ್ಲ. ಮನೆಯಲ್ಲಿ ಅತ್ತಿಗೆ ಒಬ್ಬಳೇ. ರಾತ್ರಿ ಎರಡು ಗಂಟೆಗೆ, ನಾಲ್ಕು ಗಂಟೆಗೆ ಎದ್ದು ಮಗ್ಗುಲು ಬದಲಿಸಲು ಅವಳಿಗೆ ಶಿಫ್ಟ್ ಬದಲಿಸುವವರು ಯಾರೂ ಇರಲಿಲ್ಲ. ಡಾಕ್ಟರ್ ಹೇಳಿದ್ದಾರೆ ಅಂತ ಅವಳು ದಿನಕ್ಕೊಮ್ಮೆ ಬಾಯಿಗೂ ಒಂದು ಚಮಚ ಗಂಜಿ ಇಟ್ಟು ನೋಡುತ್ತಿದ್ದಳು. ದೊಡ್ಡಮ್ಮ ತುಟಿ ಗಟ್ಟಿ ಮುಚ್ಚಿ ಮುಖ ಆ ಕಡೆ ತಿರುಗಿಸಿಬಿಡುತ್ತಿದ್ದರು. “ಬೇಡ ಅಂತಾರೆ, ಸಾಕಾಗಿದೆ ಅವರಿಗೆ” ಅಂತ ಅತ್ತಿಗೆ. “ಏ, ಅದು ಬಿಸಿ ಜಾಸ್ತಿಯಾಗಿದ್ದಕ್ಕೆ” ಅಂತ ಅಣ್ಣ. ಅದೇ ತುಟಿ, ಅದೇ ಚಮಚ. ಇಬ್ಬರೂ ತಮಗೆ ಬೇಕಾದ್ದನ್ನೇ ಓದಿಕೊಳ್ಳುತ್ತಿದ್ದರು.

ಅರುಣಾ ಬಾಯಿ ತೆರೆಯುತ್ತಿದ್ದರು. ನರ್ಸ್‌ಗಳಿಗೆ ಅದು ಬದುಕುವ ಆಸೆ. ನರರೋಗ ತಜ್ಞರನ್ನು ಕೇಳಿದರೆ, ತುಟಿಗೆ ಏನಾದರೂ ತಾಗಿದಾಗ ಬಾಯಿ ತೆರೆಯುವುದು, ನುಂಗುವುದು ಅರಿವೇ ಇಲ್ಲದೆ ಆಗಬಹುದು ಅನ್ನುತ್ತಾರೆ. ಹಸುಗೂಸು ಕೂಡ ಹಾಗೇ. ಎರಡರಲ್ಲಿ ಯಾವುದು ಅಂತ ಹೊರಗೆ ನಿಂತವರಿಗೆ ಗೊತ್ತಾಗುವುದಿಲ್ಲ. ಗೊತ್ತಿಲ್ಲದಿದ್ದಾಗ ಊಟ ಕೊಡುವ ಕಡೆಗೇ ತಪ್ಪು ಮಾಡುವುದು ವಾಸಿ. ನಾನು ನರ್ಸ್‌ಗಳ ಪಕ್ಷ ಅನ್ನುವುದು ಇಷ್ಟಕ್ಕೇ.

ದಯೆ ಯಾರದು, ಇಚ್ಛೆ ಯಾರದು

ಕನ್ನಡದಲ್ಲಿ ನಾವು ಎರಡು ಪದ ಬಳಸುತ್ತೇವೆ, ಒಂದೇ ಅನ್ನುವ ಹಾಗೆ. ದಯಾಮರಣ, ಇಚ್ಛಾಮರಣ. ಇಚ್ಛಾಮರಣ ಭೀಷ್ಮರದ್ದು. ಸಾಯುವವರೇ ಹೊತ್ತು ಗೊತ್ತು ಮಾಡುತ್ತಾರೆ. ದಯಾಮರಣದಲ್ಲಿ ದಯೆ ತೋರಿಸುವವರು ಬೇರೆ, ಸಾಯುವವರು ಬೇರೆ. ಚರ್ಚೆಯಲ್ಲಿ ಈ ಎರಡನ್ನೂ ಕಲಸಿಬಿಟ್ಟರೆ ತಲೆಬುಡ ಸಿಗುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ 2002ರಿಂದ ಕಾನೂನಿದೆ ಅಂತ ಎಲ್ಲರೂ ಉದಾಹರಣೆ ಕೊಡುತ್ತಾರೆ. ಆದರೆ ಅಲ್ಲಿ ರೋಗಿಯೇ ಸ್ವಂತ ಮನಸ್ಸಿನಿಂದ, ಯೋಚಿಸಿ ಕೇಳಿರಬೇಕು. ಅರುಣಾ ಅಲ್ಲಿದ್ದಿದ್ದರೂ ಆ ಕಾನೂನಿನ ಬಾಗಿಲು ಅವರಿಗೆ ತೆರೆಯುತ್ತಿರಲಿಲ್ಲ.

ಇಚ್ಛೆಯ ಕಡೆಯ ಕಥೆ ನಮಗೆ ಹೊಸದಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿದರೆ ಬಂಡೆಯ ಮೇಲೆಲ್ಲ ಸಲ್ಲೇಖನದ, ಅಂದರೆ ಜೈನರು ಊಟ ಬಿಟ್ಟು ದೇಹ ತ್ಯಜಿಸುವ ವ್ರತದ, ಶಾಸನಗಳು. ಸಲ್ಲೇಖನದಲ್ಲಿ ಗುರು ಒಪ್ಪಬೇಕು, ಆದರೆ ಬೇಕು ಅನ್ನಬೇಕಾದವರು ಸ್ವತಃ ವ್ರತ ಹಿಡಿಯುವವರೇ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಆತ್ಮಹತ್ಯೆಗೆ ಸಮ ಅಂದಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಅರುಣಾ ಪ್ರಕರಣಕ್ಕೂ ಇದಕ್ಕೂ ನಡುವೆ ಇರುವ ಅಂತರ ಊಟ ಬಿಡುವುದರಲ್ಲಿ ಇಲ್ಲ. ಊಟ ಬಿಡುತ್ತೇನೆ ಅಂತ ಹೇಳಿದವರು ಯಾರು ಅನ್ನುವುದರಲ್ಲಿದೆ.

ಆಮೇಲೆ

2011ರ ದಾರಿ ಕಾಗದದ ಮೇಲೆ ಚೆನ್ನಾಗಿತ್ತು. ಐಸಿಯು ಬಾಗಿಲಲ್ಲಿ ದಿನಕ್ಕೆ ಸಾವಿರಾರು ರೂಪಾಯಿ ಕಟ್ಟುತ್ತಾ ನಿಂತ ಮನೆಯವರಿಗೆ ಹೈಕೋರ್ಟಿಗೆ ಹೋಗಿ ಅಂದರೆ ಹೇಗೆ? ಜನ ಹಳೇ ದಾರಿಯನ್ನೇ ಹಿಡಿದರು. ಮನೆಗೆ ಕರ್ಕೊಂಡು ಹೋದರು.

2018ರ ಮಾರ್ಚ್ 9ರಂದು, ‘ಕಾಮನ್ ಕಾಸ್’ ಅನ್ನುವ ಸಂಸ್ಥೆ 2005ರಲ್ಲೇ ಹಾಕಿದ್ದ ಅರ್ಜಿಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಅಂದಿತು. ನಾಳೆ ನನಗೆ ಮಾತು ಹೋದರೆ ಏನು ಮಾಡಬೇಕು, ಏನು ಮಾಡಬಾರದು ಅಂತ ಮೊದಲೇ ಬರೆದಿಡುವ ‘ಲಿವಿಂಗ್ ವಿಲ್’ಗೆ ಮಾನ್ಯತೆ ಕೊಟ್ಟಿತು. ಆದರೆ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ನನ್ನ ಸಾವಿನ ಕಾಗದಕ್ಕೆ ಸಹಿ ಹಾಕಿ ಸ್ವಾಮಿ ಅಂತ ಕೇಳುವವರು ಎಷ್ಟು ಜನ? 2023ರ ಜನವರಿಯಲ್ಲಿ ಕೋರ್ಟ್ ತಾನೇ ಇದನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಎದುರು ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ ಮಾಡಿದರೆ ಸಾಕು. ಆಸ್ಪತ್ರೆಯಲ್ಲಿ ಮೂವರು ಡಾಕ್ಟರರ ಒಂದು ಬೋರ್ಡ್, ಅದರ ಮೇಲೆ ಇನ್ನೊಂದು ಬೋರ್ಡ್ ನೋಡಿ ಒಪ್ಪಬೇಕು. ಅಷ್ಟಾದ ಮೇಲೆ ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಚಿಕಿತ್ಸೆ ನಿಲ್ಲಿಸಬಹುದು.

2025ರ ಜನವರಿ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಘನತೆಯಿಂದ ಸಾಯುವ ಹಕ್ಕಿಗಾಗಿ ವರ್ಷಗಟ್ಟಲೆ ಸರ್ಕಾರಗಳಿಗೆ ಪತ್ರ ಬರೆದಿದ್ದ ದಾವಣಗೆರೆಯ ಹಿರಿಯ ಶಿಕ್ಷಕಿಯೊಬ್ಬರು ಆಗ ಸುದ್ದಿಯಲ್ಲಿದ್ದರು. ಟಿವಿಯವರು ಎಂದಿನ ಹಾಗೆ ‘ಸಾಯಲು ಸರ್ಕಾರದ ಅನುಮತಿ’ ಅಂತ ಕೂಗಿದರು. ಸುತ್ತೋಲೆಯಲ್ಲಿ ಅಂಥದ್ದೇನೂ ಇರಲಿಲ್ಲ. ಯಂತ್ರ ತೆಗೆಯುವ ಕ್ರಮ ಹೇಗೆ ಅನ್ನುವುದಷ್ಟೇ ಇತ್ತು. ಆ ಶಿಕ್ಷಕಿಗೆ ತಮ್ಮ ಮಾತನ್ನು ತಾವೇ ಹೇಳಲು ಬಾಯಿತ್ತು. ಆ ಒಂದು ಭಾಗ್ಯ ಅರುಣಾ ಅವರಿಗೆ ಇರಲಿಲ್ಲ.

ಇದಕ್ಕೆ ವಿರೋಧವಾಗಿ ನನಗೆ ತೂಕದ್ದು ಅನ್ನಿಸುವ ವಾದ ಒಂದೇ ಇದೆ, ಅದು ಅಂಗವಿಕಲರದ್ದು. ‘ಘನತೆ ಇಲ್ಲದ ಬದುಕು’ ಅಂತ ನೀವು ಕರೆಯುವುದು ನಮ್ಮ ದಿನನಿತ್ಯ ಅನ್ನುತ್ತಾರೆ ಅವರು. ಬೇರೆಯವರ ಕೈಯಲ್ಲಿ ಉಣ್ಣುವುದು, ಬೇರೆಯವರು ಮೈ ತೊಳೆಯುವುದು ಘನತೆಗೆ ಕಮ್ಮಿ ಅಂತಾದರೆ ನಾವೆಲ್ಲ ಏನು? ಅರುಣಾ ಅವರ ಕೋಣೆ ಇದಕ್ಕೆ ಒಂದು ಉತ್ತರ ಕೊಟ್ಟಿತ್ತು. ನಲವತ್ತೆರಡು ವರ್ಷ ಬೇರೆಯವರ ಕೈಯಲ್ಲಿ ಉಂಡರೂ ಆ ಹಾಸಿಗೆ ಶುಭ್ರವಾಗಿತ್ತು. ಆದರೆ ಆ ಕೋಣೆಗೆ ಬಾಡಿಗೆ ಇರಲಿಲ್ಲ. ಮೂರು ಶಿಫ್ಟಿನ ನರ್ಸ್‌ಗಳಿದ್ದರು. ಕೂಗಿದರೆ ಬರುವಷ್ಟು ಹತ್ತಿರ ಡಾಕ್ಟರಿದ್ದರು. ನಮ್ಮ ಅತ್ತಿಗೆಗೆ ಅದರಲ್ಲಿ ಒಂದಾದರೂ ಸಿಕ್ಕಿದ್ದರೆ ದೊಡ್ಡಮ್ಮನ ಮುಚ್ಚಿದ ತುಟಿಯನ್ನು ಅವಳು ಬೇರೆ ಥರ ಓದುತ್ತಿದ್ದಳೋ ಏನೋ. ಪ್ಯಾಲಿಯೇಟಿವ್ ಆರೈಕೆ, ಅಂದರೆ ನೋವು ಕಡಿಮೆ ಮಾಡಿ ಕೊನೆಯವರೆಗೂ ಜೊತೆಗಿರುವ ವ್ಯವಸ್ಥೆ, ಕೇರಳದ ಊರೂರಿನಲ್ಲಿ ಇದೆ. ನಮ್ಮ ತಾಲ್ಲೂಕುಗಳಲ್ಲಿ ಅದು ಸರಿಯಾಗಿ ಬರುವ ಮೊದಲೇ ಸಾವಿನ ಹಕ್ಕಿನ ಸುತ್ತೋಲೆ ಬಂದಿದೆ. ಸುತ್ತೋಲೆ ಬೇಡ ಅಂತಲ್ಲ. ಹಿಂದುಮುಂದಾಯಿತು ಅಂತ.

ಅರುಣಾ ಅವರ ಕೊನೆಯ ದಿನಗಳ ಬಗ್ಗೆ ಒಂದು ಮಾತು. 2015ರ ಮೇ ತಿಂಗಳಲ್ಲಿ ನ್ಯುಮೋನಿಯಾ ಆಯಿತು. ಐಸಿಯುಗೆ ಸೇರಿಸಿದರು. ವೆಂಟಿಲೇಟರ್ ಹಾಕಿದರು. ಅವರ ಹೆಸರಿನ ತೀರ್ಪಿನಿಂದ ದೇಶದಲ್ಲಿ ಬೇರೆಯವರಿಗೆಲ್ಲ ಯಾವ ಯಂತ್ರವನ್ನು ತೆಗೆಯುವ ದಾರಿ ಸಿಕ್ಕಿತ್ತೋ ಅದೇ ಯಂತ್ರ ಅವರಿಗೆ ಬಂತು. ಮೇ 18ರ ಬೆಳಿಗ್ಗೆ ಹೋದರು. ಅರವತ್ತಾರು ವರ್ಷ, ಹುಟ್ಟುಹಬ್ಬಕ್ಕೆ ಎರಡು ವಾರ ಬಾಕಿ ಇತ್ತು. ಬೆಂಕಿ ಕೊಡುವವರು ಯಾರು ಅಂತ ಅಲ್ಲಿಯೂ ಮಾತು ಬಂತು. ಬಂಧುಗಳು ಬಂದಿದ್ದರು. ಇಷ್ಟು ವರ್ಷ ಎಲ್ಲಿದ್ದರು ಅಂತ ನರ್ಸ್‌ಗಳು ಕೇಳಿದರು. ಕೊನೆಗೆ ಒಬ್ಬ ಬಂಧು ಮತ್ತು ಆಸ್ಪತ್ರೆಯ ಡೀನ್ ಇಬ್ಬರೂ ಸೇರಿ ಸಂಸ್ಕಾರ ಮಾಡಿದರು.

ಹೋದ ವರ್ಷ ನಾನು ಲಿವಿಂಗ್ ವಿಲ್‌ನ ಒಂದು ನಮೂನೆಯನ್ನು ಪ್ರಿಂಟ್ ತೆಗೆದು ಅಮ್ಮನ ಮುಂದಿಟ್ಟೆ. ಎಪ್ಪತ್ನಾಲ್ಕು ವರ್ಷ, ಗಟ್ಟಿಯಾಗಿದ್ದಾಳೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಕನ್ನಡಕ ಹಾಕಿಕೊಂಡು ಎರಡು ಪುಟವನ್ನೂ ಓದಿದಳು. “ಪೈಪ್ ಗೀಪ್ ಬೇಡ ಅಂತ ಬರಿ” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಬಾಯಿಗೆ ಕೊಡೋದು ಮಾತ್ರ ನಿಲ್ಲಿಸ್ಬೇಡಿ. ತಗೊಳ್ತೀನೋ ಇಲ್ವೋ, ಒಂದ್ಸಲ ಇಟ್ಟು ನೋಡಿ. ಬಿಸಿ ಆರಿಸಿ” ಅಂದಳು.

ಅದನ್ನು ಬರೆಯಲು ನಮೂನೆಯಲ್ಲಿ ಕಾಲಂ ಇರಲಿಲ್ಲ. ಹಿಂದಿನ ಪುಟದಲ್ಲಿ ಕೈಯಲ್ಲೇ ಬರೆದಿದ್ದೇನೆ. ಮೊದಲ ಸಾಕ್ಷಿ ಅತ್ತಿಗೆ. ಎರಡನೆಯವರು ಯಾರು ಅಂತ ಅಮ್ಮ ಇನ್ನೂ ಹೇಳಿಲ್ಲ.